ಟಿಪ್ಪಣಿ ಯಾರದು, ಕೀಲಿ ಯಾರಲ್ಲಿ: ಕ್ಷೇತ್ರಕಾರ್ಯಕರ್ತರಿಗೆ ತಕ್ಕ ಟಿಪ್ಪಣಿ ಆ್ಯಪ್‌ನ ಆಯ್ಕೆ

ಗಡಿನಾಡಿನ ಭಾಷೆ ಮತ್ತು ಬದುಕನ್ನು ದಾಖಲಿಸುವವರ ಹೆಗಲಚೀಲದಲ್ಲಿ ಒಂದು ಕಾಲಕ್ಕೆ ಇದ್ದುದು ನೋಟುಪುಸ್ತಕ ಮತ್ತು ಪೆನ್ಸಿಲು. 1930ರ ದಶಕದಲ್ಲಿ ನೀಲಗಿರಿಯ ಕೋತ, ತೊದ, ಬಡಗ ಭಾಷೆಗಳನ್ನು ಅಭ್ಯಾಸ ಮಾಡಿದ ಎಂ. ಬಿ. ಎಮೆನೊ ಅವರು ಕೋತರ ಕಥೆಗಳನ್ನು ಹೇಳುವವರ ಎದುರಿಗೆ ಕುಳಿತು ಕೈಯಿಂದ ಬರೆದುಕೊಂಡರು. ಅವು ಅಚ್ಚಿನಲ್ಲಿ ಬಂದದ್ದು 1940ರ ದಶಕದಲ್ಲಿ. ಕಾಗದದ ಪುಸ್ತಕಕ್ಕೆ ಒಂದು ದೌರ್ಬಲ್ಯವೂ ಒಂದು ಬಲವೂ ಇದ್ದವು. ಅದಕ್ಕೆ ಇದ್ದುದು ಒಂದೇ ಪ್ರತಿ. ಮಳೆಗೆ ನೆನೆದರೆ, ಬಸ್ಸಿನಲ್ಲಿ ಮರೆತರೆ ಎಲ್ಲವೂ ಹೋಯಿತು. ಆದರೆ ಅದನ್ನು ಓದಬೇಕಾದರೆ ಅದು ಕೈಯಲ್ಲಿರಲೇಬೇಕಿತ್ತು. ಫೋನಿನಲ್ಲಿ ಬರೆದು ಕಂಪ್ಯೂಟರಿನಲ್ಲಿ ತೆರೆಯುವ ಇಂದಿನ ಟಿಪ್ಪಣಿಯಲ್ಲಿ ಈ ಎರಡೂ ತಿರುವುಮುರುವಾಗಿವೆ. ಪ್ರತಿ ನಾಶವಾಗುವ ಭಯ ಕಡಿಮೆಯಾಗಿದೆ. ಓದಬಲ್ಲವರು ಯಾರು ಎಂಬುದು ಬರೆದವರಿಗೇ ತಿಳಿಯದಂತಾಗಿದೆ.

ಇದು ಕೇವಲ ತಾಂತ್ರಿಕ ಆತಂಕವಲ್ಲ. ಕಾಸರಗೋಡಿನ ಒಂದು ಮನೆಯ ಚಾವಡಿಯಲ್ಲಿ ಹಾಡು ಹೇಳಿ ಮುಗಿಸಿದ ಅಜ್ಜಿ, ಆ ಹಾಡನ್ನು ತನಗೆ ಕಲಿಸಿದ ಅಕ್ಕನ ಸಂಸಾರ ಊರು ಬಿಟ್ಟದ್ದೇಕೆ ಎಂಬ ಮಾತಿಗೆ ಇಳಿಯುತ್ತಾಳೆ. ನಡುವೆ ತಡೆದು, "ಇದನ್ನೆಲ್ಲ ಬರೀಬೇಡಿ ಮಾರಾಯ್ರೆ" ಎನ್ನುತ್ತಾಳೆ. ಕ್ಷೇತ್ರಕಾರ್ಯ ಮಾಡಿದ ಎಲ್ಲರಿಗೂ ಇಂತಹ ಕ್ಷಣ ಪರಿಚಿತ. ಅಷ್ಟರಲ್ಲಿ ಬೆರಳು ಅರ್ಧ ಬರೆದಿರುತ್ತದೆ. ಜಾತಿಯ ಹೆಸರು, ಭೂಮಿಯ ತಗಾದೆ, ಹೊರಗಿನವರಿಗೆ ಹೇಳಬಾರದ ಮದ್ದು, ದೈವದ ಸ್ಥಾನವಿರುವ ಜಾಗ, ಶಾಲೆಯಲ್ಲಿ ಕನ್ನಡ ಶಿಕ್ಷಕರಿಲ್ಲವೆಂದು ದೂರು ಕೊಟ್ಟ ಪೋಷಕರ ಹೆಸರುಗಳು, ಎಲ್ಲವೂ ಅದೇ ಟಿಪ್ಪಣಿಯಲ್ಲಿ ಸೇರಿಕೊಂಡಿರುತ್ತವೆ. ಭಾಷಾ ಅಲ್ಪಸಂಖ್ಯಾತರ ಸಣ್ಣ ಊರಿನಲ್ಲಿ ಹೆಸರನ್ನು ಬಿಟ್ಟು ಉಳಿದದ್ದನ್ನು ಹೇಳಿದರೂ ಆಳು ಯಾರೆಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಯಾವ ಆ್ಯಪಿನಲ್ಲಿ ಬರೆಯಬೇಕು ಎಂಬುದು ಮಾಹಿತಿದಾರರ ನಂಬಿಕೆಗೆ ಸಂಬಂಧಿಸಿದ ಪ್ರಶ್ನೆ.

ಬಹುತೇಕ ಎಲ್ಲ ಕಂಪೆನಿಗಳೂ ತಮ್ಮ ಆ್ಯಪ್ 'ಎನ್‌ಕ್ರಿಪ್ಟೆಡ್' ಎಂದು ಹೇಳಿಕೊಳ್ಳುತ್ತವೆ. ಈ ಪದದ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿವೆ. ಫೋನಿನಿಂದ ಸರ್ವರಿಗೆ ಹೋಗುವ ದಾರಿಯಲ್ಲಿ ಬರಹ ಗೂಢಲಿಪಿಯಲ್ಲಿರುವುದು ಮೊದಲನೆಯದು. ಇಂದು ಇದು ಎಲ್ಲೆಡೆಯೂ ಇದೆ, ಹೆಗ್ಗಳಿಕೆಯ ವಿಷಯವೇನಲ್ಲ. ಸರ್ವರಿನ ಡಿಸ್ಕಿನ ಮೇಲೆ ಗೂಢಲಿಪಿಯಲ್ಲಿರುವುದು ಎರಡನೆಯದು. ಇಲ್ಲಿ ಕೀಲಿಯು ಕಂಪೆನಿಯ ಬಳಿಯೇ ಇರುತ್ತದೆ. ಡಿಸ್ಕನ್ನು ಕದ್ದ ಕಳ್ಳನಿಗೆ ಏನೂ ಸಿಗುವುದಿಲ್ಲ, ಆದರೆ ಕಂಪೆನಿಗೆ ಬೇಕೆಂದಾಗ ಬಾಗಿಲು ತೆರೆಯುತ್ತದೆ. ಮೂರನೆಯದನ್ನು 'ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್' ಎನ್ನುತ್ತಾರೆ. ಕನ್ನಡದಲ್ಲಿ ಆದ್ಯಂತ ಗೂಢಲಿಪಿ ಎನ್ನಬಹುದು. ಬರಹವು ಬರೆದವರ ಸಾಧನದಲ್ಲಿಯೇ ಗೂಢಲಿಪಿಯಾಗಿ ಹೊರಬೀಳುತ್ತದೆ, ಅವರದೇ ಇನ್ನೊಂದು ಸಾಧನದಲ್ಲಿ ಮಾತ್ರ ಮತ್ತೆ ಓದುವಂತಾಗುತ್ತದೆ. ನಡುವಿನ ಸರ್ವರು ಅರ್ಥವಾಗದ ಗಂಟನ್ನು ಹೊತ್ತು ನಿಂತ ಹಮಾಲಿ ಮಾತ್ರ. ಹಳೆಯ ಮನೆಗಳಲ್ಲಿ ಕಣಜದ ಕೀಲಿ ಯಾರ ಸೊಂಟದಲ್ಲಿದೆ ಎಂಬುದರ ಮೇಲೆ ಯಜಮಾನಿಕೆ ನಿಶ್ಚಯವಾಗುತ್ತಿತ್ತು. ಇಲ್ಲಿಯೂ ಕೇಳಬೇಕಾದುದು ಬೀಗ ಎಷ್ಟು ದಪ್ಪ ಎಂದಲ್ಲ, ಕೀಲಿ ಯಾರಲ್ಲಿದೆ ಎಂದು.

ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ಎವರ್‌ನೋಟ್‌ನ ಇತಿಹಾಸವೊಂದೇ ಸಾಕು. 2008ರಲ್ಲಿ ಬಂದ ಈ ಆ್ಯಪ್ ಹಲವು ವರ್ಷ ಟಿಪ್ಪಣಿ ಎಂಬುದಕ್ಕೇ ಪರ್ಯಾಯವಾದ ಹೆಸರಾಗಿತ್ತು. 2013ರ ಮಾರ್ಚಿನಲ್ಲಿ ಅದರ ಜಾಲಕ್ಕೆ ಕನ್ನ ಬಿದ್ದಾಗ ಸುಮಾರು 5 ಕೋಟಿ ಬಳಕೆದಾರರ ಪಾಸ್‌ವರ್ಡನ್ನು ಬದಲಿಸಬೇಕಾಯಿತು. 2016ರ ಡಿಸೆಂಬರಿನಲ್ಲಿ, ಯಂತ್ರಕಲಿಕೆಯನ್ನು ಸುಧಾರಿಸುವ ಸಲುವಾಗಿ ಕೆಲವು ನೌಕರರು ಬಳಕೆದಾರರ ಟಿಪ್ಪಣಿಗಳನ್ನು ಓದಬಹುದೆಂದು ನಿಯಮ ಬದಲಿಸಲು ಕಂಪೆನಿ ಹೊರಟಿತು. ಪ್ರತಿಭಟನೆ ಎದ್ದುದರಿಂದ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಕಂಪೆನಿಯ ಒಡೆತನ ಬದಲಾದ ಮೇಲೆ, 2023ರ ಕೊನೆಯಲ್ಲಿ, ಹಣ ಕೊಡದವರಿಗೆ 50 ಟಿಪ್ಪಣಿಗಳ ಮಿತಿ ಬಂದಿತು. ಇದರಲ್ಲಿ ಯಾವುದೂ ಕಾನೂನುಬಾಹಿರವಲ್ಲ. ಕೀಲಿಯೂ ಕಣಜವೂ ಬೇರೆಯವರದಾದಾಗ ನಿಯಮವೂ ಬೇರೆಯವರದೇ ಆಗಿರುತ್ತದೆ, ಅಷ್ಟೆ.

ಗೂಗಲ್ ಕೀಪ್ ಇಂದಿಗೂ ಎರಡನೆಯ ವರ್ಗಕ್ಕೆ ಸೇರಿದ್ದು. ಬಸ್ಸಿನ ವೇಳೆ, ಕೊಳ್ಳಬೇಕಾದ ಪುಸ್ತಕಗಳ ಪಟ್ಟಿ, ಸಭೆಯ ದಿನಾಂಕ ಇಂತಹವಕ್ಕೆ ಅದು ಒಳ್ಳೆಯ ಸಾಧನವೇ. ಅದನ್ನು ಬಿಟ್ಟುಬಿಡಬೇಕೆಂದು ಯಾರೂ ಹಟ ಹಿಡಿಯಬೇಕಾಗಿಲ್ಲ. ಆ್ಯಪಲ್ ಫೋನು ಬಳಸುವವರಿಗೆ, 2022ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಆರಂಭವಾಗಿ ಮರುವರ್ಷ ಇತರ ದೇಶಗಳಿಗೂ ಬಂದ 'ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್' ಎಂಬ ಆಯ್ಕೆಯನ್ನು ತೆರೆದರೆ ಐಕ್ಲೌಡಿನಲ್ಲಿರುವ ಟಿಪ್ಪಣಿಗಳೂ ಆದ್ಯಂತ ಗೂಢಲಿಪಿಗೆ ಒಳಗಾಗುತ್ತವೆ. ಅದು ತಾನಾಗಿ ತೆರೆದಿರುವುದಿಲ್ಲ. 2025ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಈ ಸೌಲಭ್ಯವನ್ನು ಹಿಂತೆಗೆದುಕೊಳ್ಳಲಾಯಿತು ಎಂಬುದನ್ನು ನೆನಪಿನಲ್ಲಿಡಬೇಕು. ಒಂದು ದೇಶದ ಸರಕಾರದೊಡನೆ ಜಗ್ಗಾಟ ಬಂದಾಗ ಬೀಗವೇ ಬದಲಾಗಬಹುದು. ಇನ್ನು ತಮಗೆ ತಾವೇ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿಕೊಂಡು ಅದನ್ನೇ ಟಿಪ್ಪಣಿಯಾಗಿ ಬಳಸುವವರು ಗಡಿನಾಡಿನಲ್ಲಿ ಬಹಳ. ಸಂದೇಶವೇನೋ ಗೂಢಲಿಪಿಯಲ್ಲಿ ಹೋಗುತ್ತದೆ. ಆದರೆ ಗೂಗಲ್ ಡ್ರೈವ್‌ಗೆ ಹೋಗುವ ಅದರ ಬ್ಯಾಕಪ್ಪಿಗೆ ಆದ್ಯಂತ ಗೂಢಲಿಪಿಯ ಆಯ್ಕೆ ಬಂದದ್ದು 2021ರಲ್ಲಿ. ಅದನ್ನು ಸೆಟ್ಟಿಂಗಿಗೆ ಹೋಗಿ ಕೈಯಾರೆ ತೆರೆದಿದ್ದರೆ ಮಾತ್ರ ಉಪಯೋಗ.

ಹಾಗಾದರೆ ಆದ್ಯಂತ ಗೂಢಲಿಪಿ ಇರುವ ಯಾವುದಾದರೊಂದನ್ನು ಆರಿಸಿಕೊಂಡರೆ ಮುಗಿಯಿತೆ? ಇಲ್ಲ. ಸ್ಕಿಫ್ ಎಂಬ ಸೇವೆಯಲ್ಲಿ ಟಿಪ್ಪಣಿ, ಅಂಚೆ ಎಲ್ಲವೂ ಆದ್ಯಂತ ಗೂಢಲಿಪಿಯಲ್ಲಿದ್ದವು. 2024ರ ಫೆಬ್ರವರಿಯಲ್ಲಿ ಅದನ್ನು ನೋಷನ್ ಕಂಪೆನಿ ಕೊಂಡುಕೊಂಡಿತು, ಆರು ತಿಂಗಳೊಳಗೆ ಗಂಟುಮೂಟೆ ಕಟ್ಟಿಕೊಳ್ಳಿ ಎಂದು ಬಳಕೆದಾರರಿಗೆ ತಿಳಿಸಲಾಯಿತು. ನಿಘಂಟಿನ ಕೆಲಸ ಇಪ್ಪತ್ತು ವರ್ಷ ನಡೆಯುವಂಥದು. ಆ್ಯಪಿನ ಆಯುಷ್ಯ ಅಷ್ಟಿರುವುದಿಲ್ಲ. ಆದ್ದರಿಂದ ಭದ್ರತೆಯಷ್ಟೇ ತೂಕವನ್ನು ಎರಡನೆಯದೊಂದು ಪ್ರಶ್ನೆಗೂ ಕೊಡಬೇಕು: ಬರೆದ ಎಲ್ಲವನ್ನೂ ಸಾದಾ ಪಠ್ಯವಾಗಿ, ಬೇರೆ ಯಾವ ತಂತ್ರಾಂಶದಲ್ಲಿಯೂ ತೆರೆಯುವಂತೆ, ಹೊರಗೆ ತೆಗೆಯಲು ಬರುತ್ತದೆಯೆ? ನುಡಿ ಮತ್ತು ಬರಹದ ಹಳೆಯ ಕಡತಗಳನ್ನು ಯೂನಿಕೋಡಿಗೆ ತರಲು ತಿಣುಕಾಡಿದ ಕನ್ನಡಿಗರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂದಿನ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಯಾರೂ ಹಾಕದೆ ಬಿದ್ದ ಬೀಗ ಅದು.

ಇಂದು ದೊರೆಯುವವುಗಳಲ್ಲಿ ಹೆಸರಿಸಬಹುದಾದವು ನಾಲ್ಕು. ಸ್ಟ್ಯಾಂಡರ್ಡ್ ನೋಟ್ಸ್‌ನಲ್ಲಿ ಆದ್ಯಂತ ಗೂಢಲಿಪಿ ಆಯ್ಕೆಯಲ್ಲ, ಅದೇ ಮೂಲಸ್ಥಿತಿ. ಮರೆತು ತೆರೆದಿಡುವ ಸಾಧ್ಯತೆಯೇ ಇಲ್ಲ. ಅದರ ಮೂಲಸಂಕೇತವನ್ನು ಯಾರೂ ಓದಿ ಪರೀಕ್ಷಿಸಬಹುದು. 2024ರ ಏಪ್ರಿಲಿನಲ್ಲಿ ಅದು ಸ್ವಿಟ್ಜರ್ಲೆಂಡಿನ ಪ್ರೋಟಾನ್ ಸಂಸ್ಥೆಯೊಡನೆ ಸೇರಿತು. ಉಚಿತ ರೂಪದಲ್ಲಿ ಸಾದಾ ಪಠ್ಯ ಮಾತ್ರ. ಪದಸಂಗ್ರಹಕ್ಕೆ ಅದು ಸಾಕು, ಚಿತ್ರ ಸೇರಿಸುವವರಿಗೆ ಸಾಲದು. ನೋಟ್ಸ್‌ನೂಕ್ ಇದೇ ದಾರಿಯದು, ಬರವಣಿಗೆಯ ಅಲಂಕಾರಕ್ಕೆ ಹೆಚ್ಚು ಅವಕಾಶ ಕೊಡುತ್ತದೆ. ಜಾಪ್ಲಿನ್ ಮುಕ್ತ ತಂತ್ರಾಂಶ. ಟಿಪ್ಪಣಿಗಳನ್ನು ಎಲ್ಲಿ ಇಡಬೇಕೆಂಬುದನ್ನು ಬಳಕೆದಾರರೇ ನಿರ್ಧರಿಸಬಹುದು: ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ಅಥವಾ ಸಂಸ್ಥೆಯದೇ ಆದ ನೆಕ್ಸ್ಟ್‌ಕ್ಲೌಡ್ ಸರ್ವರ್. ಆದರೆ ಇಲ್ಲಿ ಗೂಢಲಿಪಿ ತಾನಾಗಿ ಇರುವುದಿಲ್ಲ, ಸೆಟ್ಟಿಂಗಿನಲ್ಲಿ ತೆರೆಯಬೇಕು. ಮೊದಲ ಟಿಪ್ಪಣಿ ಬರೆಯುವ ಮುನ್ನವೇ, ಒಂದೇ ಸಾಧನದಲ್ಲಿ ತೆರೆದು, ಸಿಂಕ್ ಮುಗಿದ ಮೇಲೆ ಇತರ ಸಾಧನಗಳಲ್ಲಿ ಅದೇ ಪಾಸ್‌ವರ್ಡನ್ನು ಕೊಡುವುದು ಸರಿಯಾದ ಕ್ರಮ. ಅಬ್ಸಿಡಿಯನ್ ಮುಕ್ತ ತಂತ್ರಾಂಶವಲ್ಲ, ಆದರೆ ಅದು ಬರೆಯುವುದು ಬಳಕೆದಾರರದೇ ಕಡತಕೋಶದಲ್ಲಿರುವ ಸಾದಾ ಪಠ್ಯದ ಕಡತಗಳನ್ನು. ನಾಳೆ ಆ ಕಂಪೆನಿ ಇಲ್ಲವಾದರೂ ಕಡತ ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಅದರ ಸಿಂಕ್ ಸೇವೆಗೆ ಹಣ ಕೊಡಬೇಕು. ಅಲ್ಲಿ ಆದ್ಯಂತ ಗೂಢಲಿಪಿ ಉಂಟು. ಹಣ ಕೊಡಲೊಲ್ಲದವರು ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶದಿಂದ ಫೋನು ಮತ್ತು ಕಂಪ್ಯೂಟರನ್ನು ನಡುವೆ ಸಂಗ್ರಹದ ಸರ್ವರಿಲ್ಲದೆ ನೇರವಾಗಿ ತಾಳೆ ಮಾಡಿಸಬಹುದು. ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತುಹೋಗಿ, ಇತರರು ಅದರ ಕವಲೊಂದನ್ನು ಮುಂದುವರಿಸುತ್ತಿದ್ದಾರೆ.

ಕನ್ನಡದಲ್ಲಿ ಬರೆಯುವವರು ಇವುಗಳಲ್ಲಿ ಯಾವುದನ್ನೂ ಪರೀಕ್ಷಿಸದೆ ಒಪ್ಪಬಾರದು. ಆದ್ಯಂತ ಗೂಢಲಿಪಿಯ ಆ್ಯಪಿನಲ್ಲಿ ಹುಡುಕಾಟವು ಸರ್ವರಿನಲ್ಲಿ ನಡೆಯಲಾರದು, ಏಕೆಂದರೆ ಸರ್ವರಿಗೆ ಓದು ಬಾರದು. ಅದು ಫೋನಿನೊಳಗೇ ನಡೆಯಬೇಕು. ಇಂಗ್ಲಿಷಿಗಾಗಿ ಕಟ್ಟಿದ ಹುಡುಕಾಟದ ಯಂತ್ರ ಕನ್ನಡದ ಮುಂದೆ ಎಡವುವುದುಂಟು. 'ಕೊ' ಎಂಬ ಅಕ್ಷರವನ್ನೇ ನೋಡಬಹುದು. ಯೂನಿಕೋಡಿನಲ್ಲಿ 'ಒ'ಕಾರದ ಚಿಹ್ನೆಗೆ ತನ್ನದೇ ಒಂದು ಸಂಕೇತವಿದೆ. 'ಎ'ಕಾರದ ಮತ್ತು 'ಊ'ಕಾರದ ಚಿಹ್ನೆಗಳನ್ನು ಒಂದರ ಮುಂದೊಂದು ಇಟ್ಟರೂ ಅದೇ ರೂಪ ಮೂಡುತ್ತದೆ. 'ಈ', 'ಏ', 'ಐ', 'ಓ' ಕಾರಗಳ ಚಿಹ್ನೆಗಳಿಗೂ ಇದೇ ಇಬ್ಬಂದಿಯುಂಟು. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಸಮೀಕರಿಸುವ ಎಚ್ಚರ ತಂತ್ರಾಂಶದಲ್ಲಿ ಇಲ್ಲದಿದ್ದರೆ ಯಂತ್ರಕ್ಕೆ ಎರಡೂ ಬೇರೆ. ಫೋನಿನ ಕೀಲಿಮಣೆಯಲ್ಲಿ ಬರೆದ 'ಕೊರಗ' ಪದ, ಹಳೆಯ ಪರಿವರ್ತಕದಿಂದ ಬಂದ ಕಡತದಲ್ಲಿನ 'ಕೊರಗ'ವನ್ನು ಹುಡುಕಿ ಕೊಡದೆ ಹೋಗಬಹುದು. 'ಸಾಫ್ಟ್‌ವೇರ್' ಎಂಬಲ್ಲಿ ಒತ್ತಕ್ಷರವನ್ನು ತಡೆಯಲು ಹಾಕುವ ಕಣ್ಣಿಗೆ ಕಾಣದ ಸಂಕೇತವೂ ಇಂತಹುದೇ ಪೇಚಿಗೆ ಕಾರಣ.

ಇದಲ್ಲದೆ ಕನ್ನಡ ಪದ ಬೆಳೆಯುವುದು ಬಾಲದಲ್ಲಿ. 'ಮನೆ' ಎಂದು ಹುಡುಕಿದರೆ 'ಮನೆಯಲ್ಲಿ', 'ಮನೆಗಳಿಂದಲೂ' ಸಿಗಬೇಕು. ಇಡೀ ಪದ ಹೊಂದಿದರೆ ಮಾತ್ರ ತೋರಿಸುವ ಹುಡುಕಾಟ ಕನ್ನಡಕ್ಕೆ ನಿಷ್ಪ್ರಯೋಜಕ. ಆ್ಯಪನ್ನು ಇಳಿಸಿಕೊಂಡ ಮೊದಲ ದಿನವೇ ಹತ್ತು ವಾಕ್ಯಗಳ ಒಂದು ಟಿಪ್ಪಣಿ ಬರೆದು, ಅದರಲ್ಲಿ 'ಸ್ವಾತಂತ್ರ್ಯ', 'ಕೊರಗ', 'ಸೊಲ್ಲಾಪುರದವರೆಗೂ' ಮುಂತಾದ ಪದಗಳನ್ನು ಸೇರಿಸಿ, ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಪದದ ಮೊದಲರ್ಧವನ್ನಷ್ಟೇ ಕೊಟ್ಟು ಹುಡುಕಿ ನೋಡುವುದು ಅರ್ಧ ಗಂಟೆಯ ಕೆಲಸ. ಮುಂದಿನ ಹತ್ತು ವರ್ಷದ ತಲೆನೋವು ಅಲ್ಲಿಯೇ ಗೊತ್ತಾಗುತ್ತದೆ.

ಕಡತದ ಹೆಸರಿನದು ಇನ್ನೊಂದು ತೊಡಕು. 'ಸ್ವಾತಂತ್ರ್ಯ' ಕಣ್ಣಿಗೆ ಮೂರಕ್ಷರ. ಯಂತ್ರದ ಲೆಕ್ಕದಲ್ಲಿ 11 ಸಂಕೇತ, ಒಂದೊಂದಕ್ಕೆ 3 ಬೈಟಿನಂತೆ 33 ಬೈಟು. ಆಂಡ್ರಾಯ್ಡ್ ಮತ್ತು ಲಿನಕ್ಸ್ ಸಾಧನಗಳಲ್ಲಿ ಕಡತದ ಹೆಸರು ಸಾಮಾನ್ಯವಾಗಿ 255 ಬೈಟುಗಳನ್ನು ಮೀರುವಂತಿಲ್ಲ, ಎಂದರೆ ಕನ್ನಡದಲ್ಲಿ ಸುಮಾರು 85 ಸಂಕೇತ. ಅಬ್ಸಿಡಿಯನ್ನಿನಲ್ಲಿ ಟಿಪ್ಪಣಿಯ ಶೀರ್ಷಿಕೆಯೇ ಕಡತದ ಹೆಸರು. ವಿಂಡೋಸಿನಲ್ಲಿ ಲೆಕ್ಕ ಬೇರೆಯಾದ್ದರಿಂದ ಕಂಪ್ಯೂಟರಿನಲ್ಲಿ ಉದ್ದನೆಯ ಶೀರ್ಷಿಕೆಯೊಡನೆ ಉಳಿದ ಟಿಪ್ಪಣಿ ಫೋನಿಗೆ ಬಾರದೆ ನಿಂತುಬಿಡಬಹುದು. ಶೀರ್ಷಿಕೆಗೆ ದಿನಾಂಕ ಮತ್ತು ಕ್ರಮಸಂಖ್ಯೆ ಕೊಟ್ಟು, ವಿವರವನ್ನು ಒಳಗೆ ಬರೆಯುವುದು ಲೇಸು. ಶೀರ್ಷಿಕೆಯಲ್ಲಿ ವ್ಯಕ್ತಿಯ ಹೆಸರು ಬಾರದಿರುವುದು ಇದರ ಇನ್ನೊಂದು ಲಾಭ.

ವಯನಾಡಿನ ಕಾಡಂಚಿನಲ್ಲಿ, ತಾಳವಾಡಿಯ ಬೆಟ್ಟದ ಹಾಡಿಗಳಲ್ಲಿ ಫೋನಿಗೆ ಸಂಕೇತ ಸಿಗದ ಜಾಗಗಳುಂಟು. ಜಾಲವಿಲ್ಲದೆಯೂ ಆ್ಯಪ್ ತೆರೆದು ಬರೆಯಲು ಬರಬೇಕು ಎಂಬುದಂತೂ ಸರಿಯೆ. ತೊಡಕು ಹುಟ್ಟುವುದು ಊರಿಗೆ ಮರಳಿದ ಮೇಲೆ. ಒಂದೇ ಟಿಪ್ಪಣಿಯನ್ನು ಕಾಡಿನಲ್ಲಿ ಫೋನಿನಲ್ಲಿ ಒಬ್ಬರು, ಕೇಂದ್ರದ ಕಂಪ್ಯೂಟರಿನಲ್ಲಿ ಇನ್ನೊಬ್ಬರು ತಿದ್ದಿದ್ದರೆ ಯಾವುದು ಉಳಿಯಬೇಕು? ಜಾಪ್ಲಿನ್ ಘರ್ಷಣೆಗೆ ಒಳಗಾದ ಪ್ರತಿಯನ್ನು ಬೇರೆ ಕೋಶದಲ್ಲಿ ಇಡುತ್ತದೆ; ಸಿಂಕ್‌ಥಿಂಗ್ ಬೇರೆ ಹೆಸರಿನ ಇನ್ನೊಂದು ಕಡತ ಮಾಡುತ್ತದೆ. ಎರಡರಲ್ಲಿಯೂ ಬರಹ ನಾಶವಾಗುವುದಿಲ್ಲ, ಆದರೆ ಆ ಕೋಶವನ್ನು ತೆರೆದು ನೋಡುವ ಅಭ್ಯಾಸ ಬೇಕು. ಸಿಂಕ್ ಎಂಬುದು ಬ್ಯಾಕಪ್ ಅಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಫೋನಿನಲ್ಲಿ ಕೈತಪ್ಪಿ ಅಳಿಸಿದ ಟಿಪ್ಪಣಿಯನ್ನು ಸಿಂಕ್ ಬಹಳ ನಿಷ್ಠೆಯಿಂದ ಉಳಿದ ಎಲ್ಲ ಸಾಧನಗಳಲ್ಲಿಯೂ ಅಳಿಸುತ್ತದೆ. ತಿಂಗಳಿಗೊಮ್ಮೆ ಎಲ್ಲವನ್ನೂ ಹೊರತೆಗೆದು ಬೇರೊಂದು ಡಿಸ್ಕಿನಲ್ಲಿ ಇಡಬೇಕು. ಹೀಗೆ ಹೊರತೆಗೆದ ಪ್ರತಿಯಲ್ಲಿ ಗೂಢಲಿಪಿ ಇರುವುದಿಲ್ಲವಾದ್ದರಿಂದ ಆ ಡಿಸ್ಕನ್ನೇ ಗೂಢಲಿಪಿಗೆ ಒಳಪಡಿಸಬೇಕು.

ಧ್ವನಿಮುದ್ರಣವನ್ನು ಟಿಪ್ಪಣಿಯೊಳಗೆ ತುರುಕುವುದು ಬೇಡ. ಸಂಕುಚಿಸದ ಒಳ್ಳೆಯ ಗುಣಮಟ್ಟದ ಮುದ್ರಣ ಗಂಟೆಗೆ 600 ಮೆಗಾಬೈಟಿಗೂ ಮಿಕ್ಕುತ್ತದೆ. ಟಿಪ್ಪಣಿಯಲ್ಲಿ ಮುದ್ರಣದ ಸಂಖ್ಯೆ ಮಾತ್ರ ಇರಲಿ. ಫೋನಿನಿಂದ ತೆಗೆದ ಚಿತ್ರದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಅಡಗಿ ಕುಳಿತಿರಬಹುದು. ಬನದ ಜಾಗವನ್ನು ಹೇಳಬಾರದೆಂದು ಊರವರು ಕೇಳಿಕೊಂಡಿದ್ದರೆ, ಕ್ಯಾಮರಾದ ಸ್ಥಳ ಗುರುತಿಸುವ ಸೌಲಭ್ಯವನ್ನು ಊರಿಗೆ ಕಾಲಿಡುವ ಮೊದಲೇ ಮುಚ್ಚಬೇಕು.

ಎಷ್ಟೇ ಭದ್ರವಾದ ಆ್ಯಪಾದರೂ ಕೈಯ ಬುಡದಲ್ಲಿಯೇ ಸೋರುವುದುಂಟು. ಕನ್ನಡಕ್ಕಾಗಿ ಪ್ರತ್ಯೇಕವಾಗಿ ಇಳಿಸಿಕೊಂಡ ಕೀಲಿಮಣೆಯ ಆ್ಯಪಿಗೆ, ಟಿಪ್ಪಣಿಯ ಆ್ಯಪ್ ಗೂಢಲಿಪಿ ಮಾಡುವ ಮುನ್ನವೇ ಪ್ರತಿಯೊಂದು ಅಕ್ಷರವೂ ಕಾಣುತ್ತದೆ. ಮೂಲ ತಿಳಿಯದ, ಜಾಹೀರಾತು ತೋರಿಸುವ ಕೀಲಿಮಣೆಯನ್ನು ಬಳಸುವವರಿಗೆ ಯಾವ ಟಿಪ್ಪಣಿ ಆ್ಯಪ್ ಆದರೂ ಒಂದೇ. ಧ್ವನಿಯಿಂದ ಬರೆಯಿಸುವಾಗಲೂ ಮಾತು ಅನೇಕ ವೇಳೆ ಹೊರಗಿನ ಸರ್ವರಿಗೆ ಹೋಗಿ ಬರುತ್ತದೆ. ಜಾಪ್ಲಿನ್ ಮತ್ತು ಅಬ್ಸಿಡಿಯನ್ ಸಾಧನದೊಳಗೆ ಟಿಪ್ಪಣಿಯನ್ನು ತೆರೆದೇ ಇಡುತ್ತವೆ. ಅಲ್ಲಿ ಕಾವಲಿರುವುದು ಫೋನಿನ ಪಿನ್ ಮತ್ತು ಕಂಪ್ಯೂಟರಿನ ಡಿಸ್ಕಿಗೆ ಹಾಕಿದ ಬೀಗ ಮಾತ್ರ. ಮನೆಮಂದಿಗೆಲ್ಲ ತಿಳಿದ ನಾಲ್ಕಂಕಿಯ ಪಿನ್ ಇಟ್ಟುಕೊಂಡು ಸರ್ವರಿನ ಬಗ್ಗೆ ಚಿಂತಿಸುವುದು, ಹಿತ್ತಲ ಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಅಗುಳಿ ಹಾಕಿದಂತೆ.

ಪಾಸ್‌ವರ್ಡಿನ ವಿಷಯದಲ್ಲಿ ಗಾದೆಯೋ ವಚನದ ಸಾಲೋ ಬೇಡ. ಎಲ್ಲರಿಗೂ ತಿಳಿದದ್ದು ಊಹೆಗೂ ನಿಲುಕುತ್ತದೆ. 1995ರಿಂದ ಬಳಕೆಯಲ್ಲಿರುವ ಡೈಸ್‌ವೇರ್ ವಿಧಾನದಲ್ಲಿ 7776 ಪದಗಳ ಪಟ್ಟಿಯಿಂದ ದಾಳ ಉರುಳಿಸಿ ಪದಗಳನ್ನು ಆರಿಸುತ್ತಾರೆ. ಒಂದು ಪದಕ್ಕೆ ಐದು ಬಾರಿ. ಹೀಗೆ ಬಂದ, ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳ ಸಾಲು ಯಾವ ಯಂತ್ರದ ಊಹೆಗೂ ಸುಲಭವಾಗಿ ಸಿಗುವುದಿಲ್ಲ, ಮನುಷ್ಯರ ನೆನಪಿಗೆ ಮಾತ್ರ ಹತ್ತುತ್ತದೆ. ಅದನ್ನು ಕನ್ನಡ ಲಿಪಿಯಲ್ಲಿ ಇಡದಿರುವುದು ಕ್ಷೇಮ, ಮೇಲೆ ಹೇಳಿದ 'ಕೊ'ಕಾರದ ಇಬ್ಬಂದಿ ಇಲ್ಲಿಯೂ ಬಾಧಿಸುತ್ತದೆ: ಒಂದು ಕೀಲಿಮಣೆಯಲ್ಲಿ ಕೊಟ್ಟ ಪಾಸ್‌ವರ್ಡ್ ಇನ್ನೊಂದರಲ್ಲಿ ತಪ್ಪೆನಿಸಬಹುದು. ಕನ್ನಡ ಪದವನ್ನೇ ಲ್ಯಾಟಿನ್ ಅಕ್ಷರದಲ್ಲಿ ಬರೆಯುವುದಾದರೆ ದೀರ್ಘ, ಮಹಾಪ್ರಾಣಗಳನ್ನು ಹೇಗೆ ಬರೆದಿದೆ ಎಂಬುದನ್ನು ಕಾಗದದ ಮೇಲೆ ಗುರುತಿಸಿಕೊಳ್ಳಬೇಕು.

ಕಾನೂನಿನ ನೆಲೆಯೂ ಅರಿತಿರಬೇಕಾದುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸಂಶೋಧನೆ ಮತ್ತು ದಾಖಲೆಗಳ ಸಂರಕ್ಷಣೆಗೆ ವಿನಾಯಿತಿ ಕೊಟ್ಟಿದೆ. ಆದರೆ ಅದು ನಿಗದಿತ ಮಾನದಂಡಗಳಿಗೆ ಬದ್ಧವಾದ, ಆಯಾ ವ್ಯಕ್ತಿಯ ಬಗ್ಗೆ ಯಾವ ನಿರ್ಣಯಕ್ಕೂ ಬಳಕೆಯಾಗದ ಕೆಲಸಕ್ಕೆ ಮಾತ್ರ. ಸಂಶೋಧನೆ ಎಂಬ ಹಣೆಪಟ್ಟಿಯೊಂದೇ ರಕ್ಷೆಯಾಗದು. ಮಾಹಿತಿದಾರರ ನಿಜವಾದ ಹೆಸರುಗಳನ್ನು ಟಿಪ್ಪಣಿಯಲ್ಲಿ ಬರೆಯದೆ, ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಸಂಖ್ಯೆ ಮತ್ತು ಹೆಸರಿನ ಪಟ್ಟಿಯನ್ನು ಕಾಗದದ ಪುಸ್ತಕವೊಂದರಲ್ಲಿ ಮಾತ್ರ ಇಡುವ ಹಳೆಯ ಪದ್ಧತಿ ಯಾವ ಆ್ಯಪಿಗಿಂತಲೂ ಹೆಚ್ಚು ಭದ್ರತೆ ಕೊಡುತ್ತದೆ.

ಇವೆಲ್ಲವನ್ನು ತೂಗಿದರೆ, ಒಬ್ಬರೇ ಓಡಾಡಿ ಪದ, ಗಾದೆ, ಮಾತುಕತೆ ಬರೆದುಕೊಳ್ಳುವವರಿಗೆ ಸ್ಟ್ಯಾಂಡರ್ಡ್ ನೋಟ್ಸ್ ಸಾಕು. ಮರೆವಿನಿಂದ ಆಗುವ ತಪ್ಪಿಗೆ ಅಲ್ಲಿ ಎಡೆ ಕಡಿಮೆ. ಸ್ವಂತ ಸರ್ವರನ್ನು ನೋಡಿಕೊಳ್ಳುವವರು ಒಬ್ಬರಿರುವ ಕೇಂದ್ರಕ್ಕೆ ಜಾಪ್ಲಿನ್ ಹೊಂದುತ್ತದೆ. ನಿಘಂಟಿನಂತಹ ದೀರ್ಘಕಾಲದ ಕೆಲಸಕ್ಕೆ, ಭದ್ರತೆಯ ಹೊಣೆಯನ್ನು ತಾವೇ ಹೊರುವ ಶಿಸ್ತಿದ್ದರೆ, ಸಾದಾ ಪಠ್ಯದ ಕಡತಗಳೇ ಮೇಲು.

ಉಳಿಯುವುದು ಒಂದು ಕಠಿಣ ವಿಚಾರ. ಆದ್ಯಂತ ಗೂಢಲಿಪಿಯಲ್ಲಿ ಪಾಸ್‌ವರ್ಡ್ ಮರೆತರೆ ಅದನ್ನು ಮರಳಿ ಕೊಡಬಲ್ಲವರು ಕಂಪೆನಿಯಲ್ಲಿ ಯಾರೂ ಇಲ್ಲ. ಬರೆದವರೇ ಇಲ್ಲವಾದರೆ ಮೂವತ್ತು ವರ್ಷದ ಸಂಗ್ರಹ, ಅದರಲ್ಲಿ ದನಿ ಉಳಿಸಿಹೋದ ಮುದುಕ ಮುದುಕಿಯರ ಮಾತು, ಎಲ್ಲವೂ ಸರ್ವರಿನ ಮೇಲೆ ಅರ್ಥವಿಲ್ಲದ ಅಂಕಿಗಳಾಗಿ ಉಳಿಯುತ್ತವೆ. ಕ್ಷೇತ್ರಕಾರ್ಯಕರ್ತರು ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಹಾಕಿ ಸಂಸ್ಥೆಯ ಕಪಾಟಿನಲ್ಲಿ ಇಡಬೇಕು. ಲಕೋಟೆಯ ಮೇಲೆ ತೆರೆಯಬೇಕಾದ ಸಂದರ್ಭವನ್ನೂ ತೆರೆಯಬಹುದಾದ ಇಬ್ಬರ ಹುದ್ದೆಯನ್ನೂ ಬರೆದಿರಬೇಕು. ಪಾಸ್‌ವರ್ಡ್ ಬದಲಿಸಿದ ದಿನವೇ ಲಕೋಟೆಯೂ ಬದಲಾಗಬೇಕು, ಹಳೆಯದನ್ನು ಸುಡಬೇಕು.